ಫೋನಿನಲ್ಲಿ ‘ವೈರಸ್’ ಇದೆ ಎಂದು ಹೆದರಿಸುವವರು

ಫೋನು ಒಮ್ಮೆಲೇ ಗುರ್ರೆಂದು ನಡುಗುತ್ತದೆ. ಪರದೆ ಕೆಂಪಾಗುತ್ತದೆ. ಮೇಲೆ ಗೂಗಲ್‌ನ ಗುರುತು, ಅದರ ಕೆಳಗೆ ನಿಮ್ಮದೇ ಫೋನಿನ ಕಂಪೆನಿ ಹೆಸರು, ಮಾಡೆಲ್ ನಂಬ್ರ. ‘ನಿಮ್ಮ ಫೋನಿಗೆ 4 ವೈರಸ್ ತಗಲಿದೆ. ಈಗಲೇ ತೆಗೆಯದಿದ್ದರೆ ಸಿಮ್ ಕಾರ್ಡ್ ಹಾಳಾಗುತ್ತದೆ, ಫೋಟೊ, ನಂಬ್ರ ಎಲ್ಲ ಅಳಿಸಿ ಹೋಗುತ್ತದೆ’ ಎಂಬ ಒಕ್ಕಣೆ. ಎರಡು ನಿಮಿಷದಿಂದ ಹಿಂದಕ್ಕೆ ಎಣಿಸುವ ಗಡಿಯಾರ ಬೇರೆ. ಅದರ ಕೆಳಗೆ ಹಸಿರು ಬಣ್ಣದ ಒಂದು ಬಟನ್: ‘ವೈರಸ್ ತೆಗೆಯಿರಿ’.

ಇದನ್ನು ಒಮ್ಮೆಯೂ ಕಾಣದ ಸ್ಮಾರ್ಟ್‌ಫೋನ್ ನಮ್ಮ ಮನೆಗಳಲ್ಲಿ ಇರಲಿಕ್ಕಿಲ್ಲ. ಮಕ್ಕಳು ಹೊಸ ಸಿನೆಮಾವನ್ನು ಪುಕ್ಕಟೆ ನೋಡಲು ಹೊರಟಾಗ, ಕ್ರಿಕೆಟ್ ಲೈವ್ ಹುಡುಕುವಾಗ, ಪರೀಕ್ಷೆಯ ರಿಸಲ್ಟ್ ದಿನ ಯಾವುದೋ ಸೈಟಿಗೆ ನುಗ್ಗಿದಾಗ, ಉಮ್ಮ ಒಂದು ಪಿಡಿಎಫ್ ಇಳಿಸಿಕೊಳ್ಳಲು ಪರದಾಡುವಾಗ, ಗಲ್ಫಿನಲ್ಲಿರುವ ಮಗನ ಮುಖ ನೋಡಲು ಯಾರೋ ಹೇಳಿದ ಹೊಸ ಆಪ್ ಹುಡುಕುವಾಗ ಇದು ಎದುರು ಬಂದು ನಿಲ್ಲುತ್ತದೆ. ಮೊದಲೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಬರುತ್ತಿತ್ತು. ಈಗ ಹಿಂದಿಯಲ್ಲೂ ಬರುತ್ತದೆ, ಒಮ್ಮೊಮ್ಮೆ ಯಂತ್ರ ಅನುವಾದಿಸಿದ ವಕ್ರ ಕನ್ನಡದಲ್ಲೂ ಬರುತ್ತದೆ.

ಮೊದಲೇ ಹೇಳಿಬಿಡುತ್ತೇವೆ: ಅದು ಸುಳ್ಳು. ನೂರಕ್ಕೆ ನೂರು ಸುಳ್ಳು. ಬ್ರೌಸರ್‌ನಲ್ಲಿ ತೆರೆದ ಒಂದು ಪುಟಕ್ಕೆ ನಿಮ್ಮ ಫೋನಿನ ಒಳಗೆ ಏನಿದೆ ಎಂದು ನೋಡುವ ಶಕ್ತಿಯೇ ಇಲ್ಲ. ಕ್ರೋಮ್ ಆಗಲಿ, ಸಫಾರಿ ಆಗಲಿ, ಪ್ರತಿ ವೆಬ್ ಪುಟವನ್ನೂ ಒಂದು ಪ್ರತ್ಯೇಕ ಕೋಣೆಯಲ್ಲಿ ಕೂಡಿ ಹಾಕಿ ಓಡಿಸುತ್ತದೆ. ಆ ಕೋಣೆಯಿಂದ ನಿಮ್ಮ ಗ್ಯಾಲರಿಗೆ, ವಾಟ್ಸ್‌ಆ್ಯಪ್‌ಗೆ, ಬ್ಯಾಂಕ್ ಆಪ್‌ಗೆ ಬಾಗಿಲಿಲ್ಲ. ರೈಲಿನ ಕಿಟಕಿಯ ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತವನೊಬ್ಬ ‘ನಿಮ್ಮ ಬೀಗ ಹಾಕಿದ ಪೆಟ್ಟಿಗೆಯಲ್ಲಿರುವ ಬಂಗಾರ ಕಳುವಾಗಿದೆ, ಬೇಗ ಕೀ ಕೊಡಿ’ ಎಂದು ಕೂಗಿದರೆ ಹೇಗೋ ಹಾಗೆ. ಅವನಿಗೆ ಪೆಟ್ಟಿಗೆಯೊಳಗೆ ಕಾಣುವುದಿಲ್ಲ. ಅವನಿಗೆ ಬೇಕಾದದ್ದು ಕೀ.

ಹಾಗಾದರೆ ಫೋನಿನ ಮಾಡೆಲ್ ಅವನಿಗೆ ಹೇಗೆ ಗೊತ್ತಾಯಿತು ಎಂದು ಕೇಳುವವರಿದ್ದಾರೆ. ಇದು ಬಹಳ ಮಂದಿಯನ್ನು ನಂಬಿಸುವ ಜಾಗ. ನೀವು ಯಾವ ಸೈಟಿಗೆ ಹೋದರೂ ನಿಮ್ಮ ಬ್ರೌಸರ್ ತಾನಾಗಿಯೇ ‘ನಾನು ಆಂಡ್ರಾಯ್ಡ್, ನಾನು ಕ್ರೋಮ್’ ಎಂದು ಪರಿಚಯ ಹೇಳಿಕೊಳ್ಳುತ್ತದೆ, ಕೇಳಿದರೆ ಮಾಡೆಲ್ ಕೂಡ ಹೇಳುತ್ತದೆ. ಪುಟವನ್ನು ಫೋನಿನ ಅಳತೆಗೆ ಸರಿಯಾಗಿ ತೋರಿಸಲು ಅದು ಬೇಕು. ಊರಿನ ಹೆಸರು ಇಂಟರ್‌ನೆಟ್ ಸಂಪರ್ಕದ ವಿಳಾಸದಿಂದ ಅಂದಾಜು ಮಾಡಿದ್ದು. ವಾಡಿಯಲ್ಲಿ ಕೂತವರಿಗೆ ಅದು ‘ಹೈದರಾಬಾದ್’ ಎಂದೋ ‘ಬೆಂಗಳೂರು’ ಎಂದೋ ತೋರಿಸುವುದೂ ಉಂಟು. ಇನ್ನು ಆ ನಡುಕ, ಆ ಬೀಪ್ ಶಬ್ದ: ಆಂಡ್ರಾಯ್ಡ್ ಫೋನನ್ನು ನಡುಗಿಸಲು, ಶಬ್ದ ಮಾಡಲು ವೆಬ್ ಪುಟಕ್ಕೆ ಅವಕಾಶ ಇದೆ. ಆಟದ ಸೈಟುಗಳಿಗೆ ಬೇಕು ಎಂದು ಕೊಟ್ಟ ಸವಲತ್ತು ಇಲ್ಲಿ ಹೆದರಿಸಲು ಬಳಕೆಯಾಗುತ್ತಿದೆ.

ವಾಡಿಯ ಹೆಸರು ಸುಮ್ಮನೆ ತೆಗೆದದ್ದಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ಆ ಊರನ್ನು ನಮ್ಮವರಲ್ಲಿ ಹೆಚ್ಚಿನವರು ಬಲ್ಲದ್ದು ರೈಲ್ವೆ ಜಂಕ್ಷನ್ ಆಗಿ. ಮುಂಬೈ–ಚೆನ್ನೈ ದಾರಿಯಿಂದ ಸಿಕಂದರಾಬಾದಿಗೆ ಹಳಿ ಒಡೆಯುವುದು ಅಲ್ಲಿ. ಇನ್ನೊಂದು ಎಸಿಸಿ ಸಿಮೆಂಟ್ ಕಾರ್ಖಾನೆಯ ಊರಾಗಿ. ಪಕ್ಕದ ಶಹಾಬಾದಿನ ಕಲ್ಲು ಒಂದು ಕಾಲದಲ್ಲಿ ಎಷ್ಟೋ ಊರುಗಳ ಮನೆಗಳಿಗೆ ನೆಲವಾಗಿತ್ತು. ಹಳಕರ್ಟಿ ದರ್ಗಾದ ಉರುಸಿಗೆ ಹೋದವರಿಗೂ ವಾಡಿ ಗೊತ್ತು. ವ್ಯಾಪಾರಕ್ಕೆಂದು ಕರಾವಳಿ ಬಿಟ್ಟು ಹೋಗಿ ಅಂಥ ಊರುಗಳಲ್ಲಿ ನೆಲೆ ನಿಂತ ಒಂದೊಂದು ಮನೆ ನಮ್ಮವರದ್ದು ಎಲ್ಲೆಡೆ ಸಿಗುತ್ತದೆ. ಅಂಥ ಒಂದು ಮನೆಗೆ ನಾವು ಹೋಗಿದ್ದೆವು. ಮನೆಯವರ ಹೆಸರು ಬೇಡ.

ಆ ಮನೆಯ ಉಮ್ಮನಿಗೆ ಅರವತ್ತರ ಹತ್ತಿರ. ಗಂಡ ತೀರಿಕೊಂಡು ಎರಡು ವರ್ಷ. ಒಬ್ಬ ಮಗ ಬೇಕರಿ ನೋಡಿಕೊಳ್ಳುತ್ತಾನೆ, ಇನ್ನೊಬ್ಬ ದಮ್ಮಾಮಿನಲ್ಲಿ. ದಮ್ಮಾಮಿನ ಮಗ ಕಾಲ್ ಮಾಡಿದರೆ ಉಮ್ಮ ಎತ್ತುತ್ತಿರಲಿಲ್ಲವಂತೆ. ಹನ್ನೊಂದು ದಿನ. ಏನೋ ಬೇಜಾರು ಇರಬೇಕು ಎಂದು ಅವನು ಅಣ್ಣನಿಗೆ ಫೋನ್ ಮಾಡಿ ಕೇಳಿದ, ಅಣ್ಣನಿಗೆ ಏನೂ ಗೊತ್ತಿಲ್ಲ. ವಿಷಯ ಇಷ್ಟೇ: ಯಾವುದೋ ಸೈಟಿನಲ್ಲಿ ಆ ಕೆಂಪು ಪರದೆ ಬಂದಿತ್ತು. ಅವರು ಹಸಿರು ಬಟನ್ ಒತ್ತಿದ್ದರು. ಅಂದಿನಿಂದ ಹತ್ತು ನಿಮಿಷಕ್ಕೊಮ್ಮೆ, ರಾತ್ರಿ ಕೂಡ, ‘ವೈರಸ್ ಹರಡುತ್ತಿದೆ’ ಎಂದು ಫೋನು ಟಿಂಗ್ ಎನ್ನುತ್ತಿತ್ತು. ಕಾಲ್ ಎತ್ತಿದರೆ ತನ್ನ ಫೋನಿನ ವೈರಸ್ ಮಗನ ಫೋನಿಗೂ ಹೋದೀತು ಎಂದು ಉಮ್ಮ ಹೆದರಿದ್ದರು. ಮಗನ ಕೆಲಸ ಅಲ್ಲಿ ಫೋನಿನಲ್ಲೇ ನಡೆಯುವುದು. ಯಾರಿಗೂ ಹೇಳಲಿಲ್ಲ, ಬೈಯುತ್ತಾರೆ ಎಂದು.

ಕೊನೆಗೆ ಅವರು ಗುಟ್ಟಾಗಿ ಒಂದು ರಿಪೇರಿ ಅಂಗಡಿಗೆ ಫೋನ್ ಕಳಿಸಿದ್ದರು. ಅಲ್ಲಿ ಹೇಳಿದ್ದು, ‘ಫಾರ್ಮ್ಯಾಟ್ ಹೊಡೀಬೇಕು, ಎಲ್ಲಾ ಹೋಗ್ತದ’. ಆ ‘ಎಲ್ಲಾ’ದಲ್ಲಿ ತೀರಿಕೊಂಡ ಗಂಡನ ವಾಯ್ಸ್ ಮೆಸೇಜುಗಳಿದ್ದವು. ಬ್ಯಾಕಪ್ ಇಲ್ಲ. ಆದ್ದರಿಂದ ಫೋನನ್ನು ಹಾಗೆಯೇ ವಾಪಸ್ ತರಿಸಿ ಬೀರುವಿನಲ್ಲಿ ಬಟ್ಟೆಯ ಅಡಿಗೆ ಇಟ್ಟಿದ್ದರು.

ಸರಿ ಮಾಡಿದ್ದು ಪಕ್ಕದ ಮನೆಯ ಬಿ.ಕಾಂ. ಓದುವ ಹುಡುಗಿ. ಎರಡು ನಿಮಿಷವೂ ಹಿಡಿಯಲಿಲ್ಲ. ‘ಫೋನಿಗಿ ಏನೂ ಆಗಿಲ್ಲ ಆಂಟಿ. ಒಂದು ವೆಬ್‌ಸೈಟಿಗಿ ನೀವು ಪರ್ಮಿಷನ್ ಕೊಟ್ಟೀರಿ, ಅದೇ ಒದರಲಿಕತ್ತದ’ ಎಂದಳು. ಪರ್ಮಿಷನ್ ತೆಗೆದಳು. ಒದರುವುದು ನಿಂತಿತು. ವಾಯ್ಸ್ ಮೆಸೇಜುಗಳು ಇದ್ದ ಹಾಗೆಯೇ ಇವೆ.

ಆ ಹುಡುಗಿ ತೆಗೆದದ್ದು ಏನು ಎಂದು ಬಿಡಿಸಿ ಹೇಳುತ್ತೇವೆ, ಏಕೆಂದರೆ ನಮ್ಮ ಓದುಗರ ಮನೆಗಳಲ್ಲಿ ಕಾಣುವ ‘ವೈರಸ್’ಗಳಲ್ಲಿ ದೊಡ್ಡ ಪಾಲು ಇದೇ. ಕೆಲವು ಸೈಟುಗಳು ತೆರೆದ ಕೂಡಲೇ ‘ನೋಟಿಫಿಕೇಶನ್ ಕಳಿಸಬಹುದೇ?’ ಎಂದು ಕೇಳುತ್ತವೆ. ನೇರವಾಗಿ ಕೇಳಿದರೆ ಯಾರೂ ಒಪ್ಪುವುದಿಲ್ಲ ಎಂದು ಗೊತ್ತಿರುವ ಕಾರಣ ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’, ‘ವೀಡಿಯೊ ನೋಡಲು ಅಲೋ ಒತ್ತಿ’ ಎಂದು ಬರೆದಿರುತ್ತಾರೆ. ಒಮ್ಮೆ ‘ಅಲೋ’ ಒತ್ತಿದರೆ ಮುಗಿಯಿತು. ಆ ಸೈಟ್ ಮುಚ್ಚಿದ ಮೇಲೂ ಅದರ ಚೀಟಿಗಳು ನಿಮ್ಮ ಫೋನಿನ ತಲೆಗೆ ಬಂದು ಬೀಳುತ್ತಿರುತ್ತವೆ. ಬ್ಯಾಂಕಿನದ್ದೋ ವಾಟ್ಸ್‌ಆ್ಯಪ್‌ನದ್ದೋ ಎನಿಸುವ ಹಾಗೆ ಚಿತ್ರವನ್ನೂ ಹಾಕಿರುತ್ತಾರೆ. ಫೋನಿನೊಳಗೆ ಏನೂ ಹೊಕ್ಕಿರುವುದಿಲ್ಲ.

ತೆಗೆಯುವುದು ಹೀಗೆ. ಕ್ರೋಮ್ ತೆರೆದು ಮೇಲಿನ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದ ಸೈಟುಗಳ ಪಟ್ಟಿ ಬರುತ್ತದೆ. ಗುರುತಿಲ್ಲದ ಹೆಸರುಗಳನ್ನೆಲ್ಲ ಬ್ಲಾಕ್ ಮಾಡಿ. ಇನ್ನೂ ಸುಲಭದ ದಾರಿ: ಆ ಚೀಟಿ ಬಂದಾಗ ಅದನ್ನು ಒತ್ತಬೇಡಿ, ಒತ್ತಿ ಹಿಡಿಯಿರಿ. ಯಾವ ಸೈಟಿನದ್ದು ಎಂದು ತೋರಿಸಿ, ನಿಲ್ಲಿಸುವ ದಾರಿಯನ್ನು ಅಲ್ಲೇ ಕೊಡುತ್ತದೆ.

ಐಫೋನ್ ಇದ್ದವರು ನಮಗೆ ಈ ಕಾಟ ಇಲ್ಲ ಎಂದು ಸಮಾಧಾನ ಪಡುವ ಹಾಗಿಲ್ಲ. ಅಲ್ಲಿ ಕ್ಯಾಲೆಂಡರ್‌ನಲ್ಲಿ ಬರುತ್ತದೆ. ಒಂದು ಪುಟದಲ್ಲಿ ತಪ್ಪಿ ಸಬ್‌ಸ್ಕ್ರೈಬ್ ಒತ್ತಿದರೆ ಯಾರದೋ ಕ್ಯಾಲೆಂಡರ್ ನಿಮ್ಮ ಫೋನಿಗೆ ಸೇರಿಕೊಂಡು, ದಿನಕ್ಕೆ ಹತ್ತು ಸಲ ‘ಐಫೋನ್ ಹ್ಯಾಕ್ ಆಗಿದೆ’ ಎಂದು ಅಲಾರಂ ಕೊಡುತ್ತದೆ. ಕ್ಯಾಲೆಂಡರ್ ಆಪ್ ತೆರೆದು ಆ ಚಂದಾ ತೆಗೆದುಹಾಕಿದರೆ ಸಾಕು.

ಇದರಿಂದ ಯಾರಿಗೆ ಲಾಭ?

ಹೆದರಿಸುವುದು ಒಂದು ಕಸುಬು. ಹಳೆಯ ಕಸುಬು ಕೂಡ. 2008ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ಜಾಲದ ಮೇಲೆ ಕೋರ್ಟಿಗೆ ಹೋಯಿತು. ವಿನ್‌ಫಿಕ್ಸರ್, ಎಕ್ಸ್‌ಪಿ ಆ್ಯಂಟಿವೈರಸ್ ಮೊದಲಾದ ಹೆಸರಿನ ತಂತ್ರಾಂಶಗಳನ್ನು ಮಾರುತ್ತಿದ್ದ ಕಂಪೆನಿಗಳು ಅವು. ಒಳ್ಳೆಯ ಸೈಟುಗಳಲ್ಲೇ ಜಾಹೀರಾತಿನ ವೇಷದಲ್ಲಿ ಕಾಣಿಸಿಕೊಂಡು, ಕಂಪ್ಯೂಟರನ್ನು ಪರೀಕ್ಷಿಸಿದ ನಾಟಕ ಆಡಿ, ಇಲ್ಲದ ವೈರಸ್ ತೋರಿಸಿ, ಅದನ್ನು ತೆಗೆಯಲು ದುಡ್ಡು ಕೇಳುತ್ತಿದ್ದವು. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಖರೀದಿಸಿದ್ದರು. 2012ರಲ್ಲಿ ಕೋರ್ಟು 16.3 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತದ ತೀರ್ಪು ಕೊಟ್ಟಿತು. ಕಸುಬು ನಿಲ್ಲಲಿಲ್ಲ. 2024ರ ಮಾರ್ಚ್‌ನಲ್ಲಿ ಸೈಪ್ರಸ್‌ನ ರೆಸ್ಟೋರೊ, ರೀಇಮೇಜ್ ಎಂಬ ಎರಡು ಕಂಪೆನಿಗಳು ಇದೇ ಬಗೆಯ ಆರೋಪಕ್ಕೆ 2.6 ಕೋಟಿ ಡಾಲರ್ ಕೊಡಲು ಒಪ್ಪಿದವು. ಅವು ತೋರಿಸುತ್ತಿದ್ದದ್ದು ವಿಂಡೋಸ್‌ನಿಂದಲೇ ಬಂದಂತೆ ಕಾಣುವ ಎಚ್ಚರಿಕೆ.

ದೊಡ್ಡ ಅಂಗಡಿಗಳೂ ಇದಕ್ಕೆ ಹೊರತಲ್ಲ ಎನ್ನಲು ಇನ್ನೊಂದು ಉದಾಹರಣೆ ಸಾಕು. 2019ರಲ್ಲಿ ಅಮೆರಿಕದ ಆಫೀಸ್ ಡಿಪೋ ಎಂಬ ಮಳಿಗೆಗಳ ಸರಣಿ 2.5 ಕೋಟಿ ಡಾಲರ್, ಅದಕ್ಕೆ ತಂತ್ರಾಂಶ ಕೊಟ್ಟ ಸಪೋರ್ಟ್ ಡಾಟ್ ಕಾಮ್ 1 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡವು. ‘ಉಚಿತ ತಪಾಸಣೆ’ ಹೆಸರಿನಲ್ಲಿ ಗಿರಾಕಿಯ ಕಂಪ್ಯೂಟರ್‌ನಲ್ಲಿ ದೋಷ ಇದೆ ಎಂದು ತೋರಿಸಿ ರಿಪೇರಿ ಮಾರುತ್ತಿದ್ದರು ಎಂಬುದು ಅವರ ಮೇಲಿನ ದೂರು. ನಮ್ಮ ಬೀದಿಯ ಅಂಗಡಿಯವರು ಎಲ್ಲದಕ್ಕೂ ‘ಫಾರ್ಮ್ಯಾಟ್’ ಎನ್ನುವುದು ಮೋಸದಿಂದಲೇ ಎಂದು ನಾವು ಹೇಳುವುದಿಲ್ಲ. ಅವರಿಗೆ ಅದು ಸುಲಭ, ಖಾತ್ರಿ. ಆದರೆ ಫೋನ್ ನಿಮ್ಮದು, ಫೋಟೊ ನಿಮ್ಮದು. ಬ್ಯಾಕಪ್ ಮಾಡದೆ ಫಾರ್ಮ್ಯಾಟ್‌ಗೆ ಒಪ್ಪಬೇಡಿ.

ಈ ಕಸುಬಿನ ಇನ್ನೊಂದು ತುದಿ ನಮ್ಮ ದೇಶದಲ್ಲೇ ಇದೆ ಎಂಬುದು ಹೇಳಲು ಖುಷಿಯ ಸಂಗತಿಯಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು. ಅದರಲ್ಲಿ ಎರಡು ಪ್ರಕರಣಗಳು ಮೈಕ್ರೋಸಾಫ್ಟ್ ಮತ್ತು ಅಮೆಝಾನ್ ಕಂಪೆನಿಗಳ ದೂರಿನಿಂದ ಶುರುವಾದವು. ಕಂಪ್ಯೂಟರ್ ಪರದೆಯಲ್ಲಿ ಸುಳ್ಳು ಎಚ್ಚರಿಕೆ, ಅದರಲ್ಲೊಂದು ಟೋಲ್ ಫ್ರೀ ನಂಬ್ರ, ಫೋನ್ ಮಾಡಿದರೆ ಭಾರತದ ಕಾಲ್ ಸೆಂಟರ್. ಅಮೆರಿಕ, ಕೆನಡ, ಜರ್ಮನಿ, ಆಸ್ಟ್ರೇಲಿಯ, ಸ್ಪೇನ್, ಬ್ರಿಟನ್‌ನ ಜನ ಮೋಸ ಹೋಗಿದ್ದರು. ನಮ್ಮ ರಾಜ್ಯದಲ್ಲೂ 2025ರ ನವೆಂಬರ್‌ನಲ್ಲಿ ಬೆಳಗಾವಿ ಪೊಲೀಸರು ಅಮೆರಿಕದವರನ್ನು ವಂಚಿಸುತ್ತಿದ್ದ ನಕಲಿ ಕಾಲ್ ಸೆಂಟರೊಂದರ ಮೇಲೆ ದಾಳಿ ಮಾಡಿ 33 ಮಂದಿಯನ್ನು ಬಂಧಿಸಿದರು. ಅದು ವೈರಸ್ ಹೆಸರಿನದ್ದಲ್ಲ, ಆನ್‌ಲೈನ್ ಆರ್ಡರ್ ಹೆಸರಿನದ್ದು. ಆದರೆ ಮೊದಲು ಹೆದರಿಸು, ಆಮೇಲೆ ‘ಸಹಾಯ’ ಮಾಡು ಎಂಬ ಪಾಠ ಒಂದೇ. ಕೆಲಸ ಹುಡುಕುವ ನಮ್ಮ ಹುಡುಗರು ‘ಇಂಗ್ಲಿಷ್ ಬಂದರೆ ಸಾಕು, ರಾತ್ರಿ ಪಾಳಿ, ಒಳ್ಳೆಯ ಸಂಬಳ’ ಎಂಬ ಕಾಲ್ ಸೆಂಟರ್ ಜಾಹೀರಾತು ಕಂಡಾಗ ಕಂಪೆನಿ ಯಾವುದು, ಕೆಲಸ ಎಂಥದ್ದು ಎಂದು ವಿಚಾರಿಸುವುದು ಒಳ್ಳೆಯದು. ಪೊಲೀಸರು ಬಂದಾಗ ಬಾಸ್ ಇರುವುದಿಲ್ಲ, ಹೆಡ್‌ಫೋನ್ ಹಾಕಿಕೊಂಡವರೇ ಸಿಗುವುದು.

ಭಾರತದಲ್ಲಿ ಮೊಬೈಲ್ ಬಳಸುವ ನಮ್ಮಂಥವರಿಂದ ದುಡ್ಡು ಬರುವ ದಾರಿ ಸ್ವಲ್ಪ ಬೇರೆ. ಹಸಿರು ಬಟನ್ ಒತ್ತಿದರೆ ಸಾಮಾನ್ಯವಾಗಿ ಪ್ಲೇ ಸ್ಟೋರ್‌ನ ಯಾವುದೋ ‘ಕ್ಲೀನರ್’ ಆಪ್ ಎದುರಿಗೆ ಬರುತ್ತದೆ. ನೀವು ಅದನ್ನು ಹಾಕಿಕೊಂಡರೆ ನಿಮ್ಮನ್ನು ಅಲ್ಲಿಗೆ ಅಟ್ಟಿದವನಿಗೆ ಕಮಿಷನ್. ಆ ಆಪ್ ‘ಮೂರು ದಿನ ಉಚಿತ’ ಎಂದು ಹೇಳಿ ವಾರಕ್ಕಿಷ್ಟು ಎಂದು ಚಂದಾ ಕಟ್ ಮಾಡತೊಡಗಬಹುದು. ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಮಾತು: ಆಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಶನ್ಸ್’ನಲ್ಲಿ ರದ್ದು ಮಾಡಬೇಕು. ನೀವು ಬಳಸುವ ಯುಪಿಐ ಆಪ್‌ನಲ್ಲಿ ‘ಆಟೋಪೇ’ ಎಂಬಲ್ಲಿಯೂ ಒಮ್ಮೆ ನೋಡಿ. ನಿಮಗೆ ನೆನಪಿಲ್ಲದ ಯಾರಿಗೋ ತಿಂಗಳು ತಿಂಗಳು ಹೋಗುತ್ತಿರುವುದು ಅಲ್ಲಿ ಕಂಡರೂ ಕಂಡೀತು.

ಇದಕ್ಕಿಂತ ಕೆಟ್ಟದ್ದು ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಎಪಿಕೆ ಫೈಲ್ ಇಳಿಸಲು ಹೇಳುವುದು. ಟ್ರಾಫಿಕ್ ಚಲನ್, ಮದುವೆ ಕರೆಯೋಲೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆಗಳ ಕತೆ ಈಗ ಎಲ್ಲರಿಗೂ ಗೊತ್ತಿದೆ. ಇದು ಅದೇ, ಬಂದ ದಾರಿ ಬೇರೆ. ಅಂದರೆ ವೈರಸ್ ಇದೆ ಎಂಬ ಸುಳ್ಳನ್ನು ನಂಬಿದವರ ಫೋನಿಗೆ ನಿಜವಾದ ವೈರಸ್ ಹೊಗುವುದು ಈಗ. ಅದು ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುತ್ತದೆ, ‘ಆಕ್ಸೆಸಿಬಿಲಿಟಿ’ ಎಂಬ ಅನುಮತಿ ಕೇಳುತ್ತದೆ. ಆಕ್ಸೆಸಿಬಿಲಿಟಿ ಕಣ್ಣು ಕಾಣದವರಿಗೆ ನೆರವಾಗಲು ಇರುವ ಸೌಕರ್ಯ. ಅದನ್ನು ಪಡೆದ ಆಪ್ ನಿಮ್ಮ ಪರದೆಯಲ್ಲಿರುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಬಟನ್ ಒತ್ತಬಲ್ಲದು.

ಇದು ನಮ್ಮ ಮನೆಗಳಿಗೆ ಯಾಕೆ ಹೆಚ್ಚು ಅಪಾಯ ಎಂದರೆ, ಗಲ್ಫಿಗೆ ಹೋದ ಮಗ ತನ್ನ ಊರಿನ ಸಿಮ್ಮನ್ನು ಉಮ್ಮನ ಫೋನಿಗೆ ಹಾಕಿ ಹೋಗಿರುತ್ತಾನೆ. ಬ್ಯಾಂಕ್ ಖಾತೆಗೆ ಆ ನಂಬ್ರವೇ ಕೊಟ್ಟದ್ದು. ಒಟಿಪಿ ಬಂದರೆ ಉಮ್ಮ ಓದಿ ಹೇಳುತ್ತಾರೆ. ಅಂದರೆ ದಮ್ಮಾಮಿನಲ್ಲೋ ಶಾರ್ಜಾದಲ್ಲೋ ದುಡಿದು ಕಳಿಸಿದ ಉಳಿತಾಯದ ಕೀಲಿ ಊರಿನಲ್ಲಿ, ರೆಸಿಪಿ ನೋಡುವ, ಮೊಮ್ಮಗನಿಗೆ ಕಾರ್ಟೂನ್ ಹಾಕಿಕೊಡುವ ಫೋನಿನಲ್ಲಿದೆ. ಮಗು ಆಡುತ್ತಾ ಆಡುತ್ತಾ ಏನು ಒತ್ತೀತು ಎಂದು ಹೇಳಲಾಗದು. ನಮ್ಮ ಅಭಿಪ್ರಾಯ ಕೇಳಿದರೆ, ಆ ಸಿಮ್ಮನ್ನು ಇಂಟರ್‌ನೆಟ್ ಇಲ್ಲದ ಒಂದು ಬಟನ್ ಫೋನಿಗೆ ಹಾಕಿಡಿ. ಮನೆಯಲ್ಲಿ ಹಳೆಯದ್ದೊಂದು ಬಿದ್ದಿರುತ್ತದೆ.

ಕೆಂಪು ಪರದೆ ಬಂದಾಗ

ಏನನ್ನೂ ಒತ್ತಬೇಡಿ. ಆ ಪುಟದೊಳಗೆ ಕಾಣುವ ‘ಕ್ಯಾನ್ಸಲ್’, ‘ಬೇಡ’, ಮೂಲೆಯ ಇಂಟು ಗುರುತು ಕೂಡ ಚಿತ್ರವೇ ಆಗಿರಬಹುದು, ಎಲ್ಲಿ ಒತ್ತಿದರೂ ಒಂದೇ ಕಡೆಗೆ ಹೋಗುವ ಹಾಗೆ ಮಾಡಿರುತ್ತಾರೆ. ಹಿಂದಕ್ಕೆ ಹೋಗುವ ಬಟನ್ ಕೆಲಸ ಮಾಡದಂತೆಯೂ ಮಾಡಿರುತ್ತಾರೆ. ಹೋಮ್ ಬಟನ್ ಒತ್ತಿ ಹೊರಗೆ ಬನ್ನಿ. ಕ್ರೋಮ್‌ನ ಚಿತ್ರವನ್ನು ಒತ್ತಿ ಹಿಡಿದು ‘ಆಪ್ ಇನ್ಫೋ’ಗೆ ಹೋಗಿ ‘ಫೋರ್ಸ್ ಸ್ಟಾಪ್’ ಕೊಡಿ. ಮತ್ತೆ ತೆರೆಯುವ ಮೊದಲು ನೆಟ್ ಆಫ್ ಮಾಡಿ, ಆಗ ಆ ಪುಟ ಮತ್ತೆ ಲೋಡ್ ಆಗುವುದಿಲ್ಲ, ಟ್ಯಾಬ್ ಮುಚ್ಚಿಬಿಡಿ. ಅಷ್ಟೇ. ಗಡಿಯಾರ ಸೊನ್ನೆಗೆ ಬಂದರೂ ಏನೂ ಆಗುವುದಿಲ್ಲ. ಧೈರ್ಯ ಇದ್ದವರು ಒಮ್ಮೆ ಕಾದು ನೋಡಬಹುದು.

ಅಂಗಡಿಯಲ್ಲಿ ಬಿಲ್ ಮಾಡುವ ಕಂಪ್ಯೂಟರ್‌ನಲ್ಲಿ ಬಂದರೆ ಅದು ಇನ್ನೂ ಗಾಬರಿ ಹುಟ್ಟಿಸುತ್ತದೆ, ಯಾಕೆಂದರೆ ಪರದೆ ಪೂರ್ತಿ ತುಂಬಿ ಮೌಸ್ ಕೂಡ ಸಿಗದ ಹಾಗಾಗುತ್ತದೆ, ಸ್ಪೀಕರ್‌ನಲ್ಲಿ ಹೆಂಗಸೊಬ್ಬಳ ದನಿ ‘ಕಂಪ್ಯೂಟರ್ ಬಂದ್ ಮಾಡಬೇಡಿ’ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿರುತ್ತದೆ. ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಪರದೆ ಚಿಕ್ಕದಾಗುತ್ತದೆ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಬ್ರೌಸರ್ ಹೆಸರಿನ ಮೇಲೆ ‘ಎಂಡ್ ಟಾಸ್ಕ್’ ಕೊಡಿ. ಅದೂ ಆಗದಿದ್ದರೆ ಬಂದ್ ಮಾಡಬೇಡಿ ಎಂದವಳ ಮಾತು ಮೀರಿ ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡಿ. ಮತ್ತೆ ತೆರೆದಾಗ ‘ಹಳೆಯ ಪುಟ ರಿಸ್ಟೋರ್ ಮಾಡಲೇ?’ ಎಂದು ಬ್ರೌಸರ್ ಕೇಳುತ್ತದೆ. ಬೇಡ ಅನ್ನಿ. ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ: ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬ್ರ ಇರುವುದೇ ಇಲ್ಲ. ನಂಬ್ರ ಇದ್ದರೆ ಅದು ಕಳ್ಳನದ್ದು. ಎಡ್ಜ್ ಬ್ರೌಸರ್‌ನಲ್ಲಿ 2025ರಿಂದ ‘ಸ್ಕೇರ್‌ವೇರ್ ಬ್ಲಾಕರ್’ ಎಂಬುದು ಬಂದಿದೆ, ಇಂಥ ಪೂರ್ತಿ ಪರದೆಯ ಪುಟಗಳನ್ನು ಹಿಡಿಯಲೆಂದೇ ಮಾಡಿದ್ದು.

ಒಂದು ಗೊಂದಲ ಮಾತ್ರ ಬಿಡಿಸಬೇಕು. ನಿಜವಾದ ಕೆಂಪು ಪರದೆಯೂ ಇದೆ. ಅಪಾಯದ ಸೈಟೊಂದಕ್ಕೆ ನೀವು ಹೋಗುತ್ತಿದ್ದರೆ ಕ್ರೋಮ್ ತಾನೇ ಪುಟ ಕೆಂಪು ಮಾಡಿ ತಡೆಯುತ್ತದೆ. ವ್ಯತ್ಯಾಸ ಏನೆಂದರೆ ಅದು ನಿಮ್ಮ ಫೋನಿನಲ್ಲಿ ವೈರಸ್ ಇದೆ ಎನ್ನುವುದಿಲ್ಲ, ಮುಂದಿರುವ ಸೈಟ್ ಅಪಾಯ ಎನ್ನುತ್ತದೆ. ಆಪ್ ಹಾಕಲು ಹೇಳುವುದಿಲ್ಲ, ಫೋನ್ ಮಾಡಲು ಹೇಳುವುದಿಲ್ಲ, ಗಡಿಯಾರ ಓಡಿಸುವುದಿಲ್ಲ. ವಾಪಸ್ ಹೋಗಿ ಎನ್ನುತ್ತದೆ. ಅದರ ಮಾತು ಕೇಳಬೇಕು.

ಫೋನಿನಲ್ಲಿ ನಿಜವಾಗಿಯೂ ಏನಾದರೂ ಇದೆಯೋ ಎಂಬ ಸಂಶಯ ಇದ್ದವರಿಗೆ ಪ್ಲೇ ಸ್ಟೋರ್‌ನೊಳಗೆ ಪ್ಲೇ ಪ್ರೊಟೆಕ್ಟ್ ಇದೆ. ನಿಮ್ಮ ಚಿತ್ರ ಒತ್ತಿ ಅದನ್ನು ತೆರೆದು ಸ್ಕ್ಯಾನ್ ಕೊಡಿ. ದುಡ್ಡು ಇಲ್ಲ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಪಟ್ಟಿ ನೋಡಿ, ನೀವು ಹಾಕದ್ದು, ಹೆಸರೇ ಇಲ್ಲದ್ದು ಕಂಡರೆ ತೆಗೆಯಿರಿ. ತೆಗೆಯಲು ಬಿಡದಿದ್ದರೆ ಆಕ್ಸೆಸಿಬಿಲಿಟಿ ಮತ್ತು ಡಿವೈಸ್ ಅಡ್ಮಿನ್ ಎಂಬ ಎರಡು ಕಡೆ ಅದರ ಅನುಮತಿ ಕಿತ್ತು ಆಮೇಲೆ ತೆಗೆಯಬೇಕು. ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಶುರು ಮಾಡಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದಲ್ಲಿಯೂ ಉಚಿತ ಸಲಕರಣೆಗಳು ಸಿಗುತ್ತವೆ. ವೈರಸ್ ಹೆಸರಲ್ಲಿ ದುಡ್ಡು ಕೊಡುವ ಮೊದಲು ಇಷ್ಟು ಮಾಡಿ ನೋಡಬಹುದು.

ಮನೆಯೊಳಗಿನ ಮಾತು

ವಾಡಿಯ ಆ ಉಮ್ಮ ಕಳೆದುಕೊಂಡದ್ದು ದುಡ್ಡಲ್ಲ. ಹನ್ನೊಂದು ದಿನ ಮಗನ ದನಿ. ಅದಕ್ಕೆ ಕಾರಣ ಆ ಪುಟ ಎಷ್ಟೋ, ಮನೆಯಲ್ಲಿ ಬೈಯುತ್ತಾರೆ ಎಂಬ ಹೆದರಿಕೆಯೂ ಅಷ್ಟೇ. ನಾವು ಎಷ್ಟು ಮನೆಗಳಲ್ಲಿ ಕೇಳಿಲ್ಲ, ‘ಎಂಥಕ್ಕೆ ಒತ್ತಿದ್ದು? ಗೊತ್ತಿಲ್ಲದಿದ್ದರೆ ಮುಟ್ಟಬಾರದು’ ಎಂದು. ಹದಿನಾರು ವರ್ಷದ ಹುಡುಗ ಅರವತ್ತು ವರ್ಷದ ಉಮ್ಮಮ್ಮನಿಗೆ ಹೀಗೆ ಹೇಳುತ್ತಾನೆ. ಆ ಫೋನಿನಲ್ಲಿ ಪುಕ್ಕಟೆ ಸಿನೆಮಾ ಸೈಟ್ ತೆರೆದು ‘ಅಲೋ’ ಒತ್ತಿದ್ದು ಹೆಚ್ಚಾಗಿ ಅವನೇ. ಹುಡುಗನ ಕಿವಿ ಹಿಂಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಮರುದಿನದಿಂದ ಉಮ್ಮಮ್ಮ ಏನು ಬಂದರೂ ಯಾರಿಗೂ ಹೇಳುವುದಿಲ್ಲ. ಮೋಸಗಾರನಿಗೆ ಬೇಕಾದದ್ದು ಅದೇ: ಒಬ್ಬರೇ ಕೂತು, ಹೆದರಿ, ಗಡಿಯಾರ ನೋಡುತ್ತಾ ತೀರ್ಮಾನ ತೆಗೆದುಕೊಳ್ಳುವ ಮನುಷ್ಯ. ಎರಡನೆಯವರೊಬ್ಬರು ಪಕ್ಕಕ್ಕೆ ಬಂದು ‘ಏನದು?’ ಎಂದು ಕೇಳಿದರೆ ಅವನ ಆಟ ಅರ್ಧ ಮುಗಿಯಿತು.

ಹೆಂಗಸರ ಫೋನ್ ಕಿತ್ತುಕೊಳ್ಳುವುದು ಕೆಲವು ಮನೆಗಳಲ್ಲಿ ಕಂಡುಕೊಂಡ ಪರಿಹಾರ. ಅದು ಪರಿಹಾರವಲ್ಲ. ರೇಷನ್ ಕಾರ್ಡಿನ ಕೆಲಸ, ಮಕ್ಕಳ ಶಾಲೆಯ ಗ್ರೂಪ್, ಸ್ಕಾಲರ್‌ಶಿಪ್ ಅರ್ಜಿ, ಡಾಕ್ಟರ ಅಪಾಯಿಂಟ್‌ಮೆಂಟ್ ಎಲ್ಲ ಅದರಲ್ಲೇ. ಅರ್ಧ ಗಂಟೆ ಕೂತು ನೋಟಿಫಿಕೇಶನ್ ಪಟ್ಟಿ ತೋರಿಸಿಕೊಟ್ಟರೆ ಮುಂದಿನ ಸಲ ಅವರೇ ತೆಗೆಯುತ್ತಾರೆ. ಮದ್ರಸದ, ಜಮಾಅತಿನ ಸಭೆಗಳಲ್ಲಿ ಹುಡುಗರಿಗೆ ಹತ್ತು ನಿಮಿಷ ಕೊಟ್ಟು ಇದನ್ನು ಮಾಡಿಸಬಹುದು. ಮಾಡಿಸಿದ ಊರುಗಳಿದ್ದರೆ ನಮಗೆ ಬರೆಯಿರಿ.

ದುಡ್ಡು ಹೋದರೆ

ಹೋಗಿಯೇ ಬಿಟ್ಟಿದ್ದರೆ ಯಾರ ತಪ್ಪು ಎಂಬ ಪಂಚಾಯಿತಿಕೆ ಆಮೇಲೆ. ಮೊದಲು 1930ಕ್ಕೆ ಫ಼ೋನ್ ಮಾಡಿ. 2021ರಲ್ಲಿ 155260 ಎಂಬ ನಂಬ್ರದಲ್ಲಿ ಶುರುವಾದ ಸಹಾಯವಾಣಿಯೇ ಈಗ 1930 ಆಗಿದೆ. ನೀವು ಹೇಳಿದ ಕೂಡಲೇ ದುಡ್ಡು ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಸುದ್ದಿ ಹೋಗುತ್ತದೆ, ಅಲ್ಲಿಂದ ಮುಂದಕ್ಕೆ ಹೋಗುವ ಮೊದಲು ತಡೆಯಲು ಸಾಧ್ಯವಾಗುತ್ತದೆ. ಮೊದಲ ಒಂದೆರಡು ಗಂಟೆಯ ಬೆಲೆ ಅದು. ನಾಳೆ ಬೆಳಿಗ್ಗೆ ಮಗ ಬರಲಿ ಎಂದು ಕಾದರೆ ದುಡ್ಡು ನಾಲ್ಕಾರು ಖಾತೆ ದಾಟಿರುತ್ತದೆ.

ಒಟ್ಟಿಗೇ ಬ್ಯಾಂಕಿಗೂ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಮೋಸ ನಡೆದಿದ್ದು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ. ಒಟಿಪಿ, ಪಿನ್ ನೀವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ತಿಳಿಸಿದ ಹೊತ್ತು ಬರೆದಿಟ್ಟುಕೊಳ್ಳುವುದು ಮುಖ್ಯ. ಆ ಫೋನಿನಲ್ಲಿ ಎನಿಡೆಸ್ಕ್, ಟೀಮ್‌ವ್ಯೂವರ್ ತರದ ಆಪ್ ಹಾಕಿಸಿದ್ದರೆ ಮೊದಲು ನೆಟ್ ಬಂದ್ ಮಾಡಿ. ಪಾಸ್‌ವರ್ಡ್ ಬದಲಿಸುವುದನ್ನು ಬೇರೆ ಫೋನಿನಲ್ಲಿ ಮಾಡಿ, ಇದರಲ್ಲೇ ಮಾಡಿದರೆ ಹೊಸದ್ದೂ ಅವರಿಗೆ ಕಾಣುತ್ತದೆ.

ಪ್ರತಿ ಜಿಲ್ಲೆಯಲ್ಲಿ ಸೆನ್ ಪೊಲೀಸ್ ಠಾಣೆ ಇದೆ, ಕಲಬುರಗಿಯಲ್ಲೂ ಮಂಗಳೂರಿನಲ್ಲೂ. ದೂರದವರು ಹತ್ತಿರದ ಠಾಣೆಗೆ ಹೋಗಬಹುದು, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರಕಾರಿ ತಾಣದಲ್ಲಿ ಮನೆಯಲ್ಲೇ ಕೂತು ದೂರು ತುಂಬಬಹುದು. ಬೇರೆಯವರ ವೇಷ ಹಾಕಿ ಕಂಪ್ಯೂಟರ್ ಮೂಲಕ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66 ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ದುಬೈಯಲ್ಲಿರುವ ಮಗನಿಗೆ ಅಲ್ಲಿ ಇಂಥದ್ದು ಆದರೆ ದುಬೈ ಪೊಲೀಸರ ‘ಇ-ಕ್ರೈಮ್’ ತಾಣ ಇದೆ.

1930ಕ್ಕೆ ಮಾತಾಡುವಾಗ ಕೈಯಲ್ಲಿ ಇರಬೇಕಾದದ್ದು: ದುಡ್ಡು ಹೋದ ಖಾತೆಯ ನಂಬ್ರ, ಹೋದ ಮೊತ್ತ, ಹೊತ್ತು, ಬ್ಯಾಂಕಿನ ಎಸ್ಸೆಮ್ಮೆಸ್‌ನಲ್ಲಿರುವ ವ್ಯವಹಾರದ ನಂಬ್ರ, ಆ ಪುಟದ ಸ್ಕ್ರೀನ್‌ಶಾಟ್ ಇದ್ದರೆ ಅದು. ಎಸ್ಸೆಮ್ಮೆಸ್‌ಗಳನ್ನು ಅಳಿಸಬೇಡಿ. ದೂರು ತೆಗೆದುಕೊಂಡ ಮೇಲೆ ಅವರು ಒಂದು ನಂಬ್ರ ಕೊಡುತ್ತಾರೆ. ಅದನ್ನು ಫೋನಿನಲ್ಲಿ ಅಲ್ಲ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಸರಕಾರಿ ತಾಣದಲ್ಲಿ ಪೂರ್ತಿ ದೂರು ತುಂಬುವಾಗ, ಮುಂದೆ ಠಾಣೆಗೆ ಹೋದಾಗ ಕೇಳುವುದು ಅದನ್ನೇ.